ನಮ್ಮ ಸೈಕಲ್ಲಿಗೆ ಎಂಥ ಟಯರು?

(ಮಂಗಲ್ಪಾಡಿಯಲ್ಲಿ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಸೈಕಲ್ ಟಯರಿನ ಮೇಲೂ ಒಂದು ಭಾಷಣವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಅನಿಸಲಿ. ಬೆಳಗಿನ ಜಾವ ನಾಲ್ಕೂವರೆಗೆ ಹಣೆಗೆ ದೀಪ ಕಟ್ಟಿಕೊಂಡು ರಬ್ಬರು ತೋಟಕ್ಕೆ ಹೊರಟವರಿಗೆ ಅರ್ಧ ದಾರಿಯಲ್ಲಿ ಹಿಂದಿನ ಚಕ್ರದ ಗಾಳಿ ಹೋದರೆ ಅದೆಷ್ಟು ದೊಡ್ಡ ವಿಷಯವೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ರಬ್ಬರಿನ ಹಾಲು ಚೆನ್ನಾಗಿ ಇಳಿಯುವುದು ಮರದೊಳಗಿನ ಒತ್ತಡ ಹೆಚ್ಚಿರುವ ತಂಪು ಹೊತ್ತಿನಲ್ಲಿ. ಬಿಸಿಲೇರಿದ ಮೇಲೆ ಕತ್ತಿ ಹಾಕಿದರೆ ಹಾಲು ಬೇಗ ನಿಂತುಹೋಗುತ್ತದೆ. ಹಾಲಿನ ತೂಕದ ಮೇಲೆ ಕೂಲಿ ಸಿಗುವ ಕಡೆ ಆ ದಿನದ ಕೂಲಿಯೂ ಇಳಿಯುತ್ತದೆ. ದಿನಗೂಲಿಯ ಕಡೆ ಹಾಜರಿ ಕರೆಯುವಾಗ ಹೆಸರಿಗೆ ಉತ್ತರ ಕೊಡಲು ಆಳಿರುವುದಿಲ್ಲ. ಪಂಕ್ಚರಿನ ಅಂಗಡಿ ಬಾಗಿಲು ತೆಗೆಯುವಾಗ ಹೊತ್ತೇರಿರುತ್ತದೆ. ಅಲ್ಲಿ ಕೊಡುವ ಹಣ ಸಣ್ಣದು. ಅದಕ್ಕೆ ಮೊದಲೇ ಹೋದ ಹಣ ದೊಡ್ಡದು.

ಈಗ ಎಲ್ಲರ ಕೈಯಲ್ಲೂ ಬೈಕು ಇದೆಯಲ್ಲ ಎನ್ನುವವರಿದ್ದಾರೆ. ಎಲ್ಲರ ಕೈಯಲ್ಲಿ ಇಲ್ಲ. ಬಂಗಾಳ, ಒಡಿಶಾ, ಅಸ್ಸಾಮುಗಳಿಂದ ಬಂದು ನಮ್ಮೊಂದಿಗೆ ದುಡಿಯುವ ಸಹೋದರರು ಹಳೆಯ ಸೈಕಲ್ಲುಗಳನ್ನೇ ಕೊಂಡು ಓಡಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಸೈಕಲ್ಲಿನಲ್ಲಿ. ಗಡಿಯಾಚೆ ಬಂಟ್ವಾಳ, ಪುತ್ತೂರು ಕಡೆಯ ನೆಂಟರ ಮನೆಗಳಲ್ಲಿ, 2006-07ರಿಂದ ಕೆಲವು ವರ್ಷ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ಲುಗಳು ಇನ್ನೂ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅಪ್ಪನಿಗೆ ದಾಟುತ್ತಾ ಓಡುತ್ತಿವೆ. ಪೆಟ್ರೋಲು ಕುಡಿಯದ ವಾಹನಕ್ಕೆ ನಾವು ಖರ್ಚು ಮಾಡುವುದೇ ಟಯರಿಗೆ ಮತ್ತು ಟ್ಯೂಬಿಗೆ. ಆ ಖರ್ಚನ್ನಾದರೂ ತಿಳಿದು ಮಾಡೋಣ.

ಮೊದಲು ನಮ್ಮ ದಾರಿಯನ್ನು ನೋಡಿ. ಉಪ್ಪಳ, ನಯಾಬಜಾರು, ಬಂದ್ಯೋಡುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ ಈ ಕೆಲವು ವರ್ಷಗಳಲ್ಲಿ ಆರು ಪಥವಾಗಿದೆ. ನಡುವಿನ ಪಥ ವೇಗದ ಗಾಡಿಗಳದ್ದು. ಸೈಕಲ್ಲಿನವರಿಗೆ ಪಕ್ಕದ ಸರ್ವಿಸ್ ರಸ್ತೆ, ಅದರಲ್ಲಿಯೂ ಅಂಚು. ಗಾಡಿಗಳ ಚಕ್ರ ರಸ್ತೆಯ ನಡುವನ್ನು ಗುಡಿಸಿದಂತೆ ಗುಡಿಸಿ ಕಸವನ್ನೆಲ್ಲ ಅಂಚಿಗೆ ತಳ್ಳುತ್ತದೆ. ಗಾಜಿನ ಚೂರು, ಮೊಳೆ, ಒಡೆದ ಲಾರಿ ಟಯರಿನ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ ಎಲ್ಲ ಬಂದು ಸೇರುವುದು ನಾವು ತುಳಿಯುವ ಜಾಗಕ್ಕೇ. ಕೈಕಂಬದಿಂದ ಬಾಯಾರಿನ ಕಡೆಗೆ, ಬಂದ್ಯೋಡಿನಿಂದ ಪೆರ್ಮುದೆಯ ಕಡೆಗೆ ತಿರುಗಿದರೆ ಏರು, ಇಳಿತ, ಹೊಂಡ. ತೋಟದೊಳಗೆ ಹೊಕ್ಕರೆ ಮುರಕಲ್ಲಿನ ದಾರಿ, ಬೇಲಿಯಿಂದ ಉದುರಿದ ಬಿದಿರ ಮುಳ್ಳು, ಚೂರಿಮುಳ್ಳು. ಆಟಿಯ ಮಳೆ ಬಂದರೆ ಇದು ಇನ್ನೂ ಕೆಡುತ್ತದೆ. ಒದ್ದೆಯಾದ ರಬ್ಬರನ್ನು ಗಾಜು ಒಣ ರಬ್ಬರಿಗಿಂತ ಸುಲಭವಾಗಿ ಕೊಯ್ಯುತ್ತದೆ; ನೀರು ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಪಂಕ್ಚರು ಹೆಚ್ಚೆಂದು ನಾವು ಹೇಳುವುದು ಬರೀ ಮಾತಲ್ಲ.

ಇಷ್ಟು ಕೇಳಿದೊಡನೆ, ಹಾಗಾದರೆ ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪ ಟಯರನ್ನು ಕೊಳ್ಳುವುದೇ ಸರಿ ಎಂದು ತೋರುತ್ತದೆ. ಸ್ವಲ್ಪ ತಡೆಯಿರಿ. ಟಯರು ಬದಲಿಸುವ ಮೊದಲು ಟ್ಯೂಬಿನ ತೂತನ್ನು ಓದಬೇಕು. ತೂತು ಎಲ್ಲಿದೆ, ಎಂಥದ್ದು ಎಂದು ನೋಡಿದರೆ ಯಾರು ತಪ್ಪಿತಸ್ಥರೆಂದು ಗೊತ್ತಾಗುತ್ತದೆ.

ತೂತು ಟ್ಯೂಬಿನ ಹೊರಮೈಯಲ್ಲಿ, ಅಂದರೆ ರಸ್ತೆಯ ಕಡೆಗೆ, ಒಂದೇ ಚುಕ್ಕೆಯಂತೆ ಇದ್ದರೆ ಮುಳ್ಳೋ ತಂತಿಯೋ ಚುಚ್ಚಿದೆ. ಇಂಥದ್ದನ್ನು ತಡೆಯಲು ಒಳ್ಳೆಯ ಟಯರು ಸಹಾಯ ಮಾಡುತ್ತದೆ. ಹಾವು ಕಚ್ಚಿದ ಗುರುತಿನಂತೆ ಪಕ್ಕಪಕ್ಕದಲ್ಲಿ ಎರಡು ಸೀಳುಗಳಿದ್ದರೆ ಏನೂ ಚುಚ್ಚಿಲ್ಲ. ಗಾಳಿ ಕಡಿಮೆಯಿದ್ದಾಗ ಹೊಂಡಕ್ಕೆ ಬಿದ್ದು, ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬು ಜಜ್ಜಿಹೋಗಿದೆ. ಇದಕ್ಕೆ ಸಾವಿರಾರು ರೂಪಾಯಿಯ ಟಯರು ಹಾಕಿದರೂ ಪ್ರಯೋಜನವಿಲ್ಲ, ಪಂಪು ಬೇಕು. ತೂತು ಒಳಮೈಯಲ್ಲಿ, ರಿಮ್ಮಿನ ಕಡೆಗೆ ಇದ್ದರೆ ಕಡ್ಡಿಯ ತುದಿ ಮೇಲೆದ್ದಿದೆ ಅಥವಾ ರಿಮ್ಮಿನ ಪಟ್ಟಿ ಸರಿದಿದೆ. ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ, ಹೊಸ ಪಟ್ಟಿ ಸುತ್ತಿದರೆ ಮುಗಿಯಿತು.

ಇನ್ನೊಂದು ಇದೆ. ರಾತ್ರಿ ಗಾಳಿ ತುಂಬಿಸಿ ಇಟ್ಟ ಚಕ್ರ ಬೆಳಿಗ್ಗೆ ಚಪ್ಪಟೆ. ಆದರೆ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದರೆ ಗುಳ್ಳೆಯಿಲ್ಲ. ನಮ್ಮ ಸಾಮಾನ್ಯ ಸೈಕಲ್ಲುಗಳ ವಾಲ್ವಿನಲ್ಲಿ ಸಣ್ಣ ರಬ್ಬರಿನ ನಳಿಕೆ ಇರುತ್ತದೆ. ಅದು ಬಿಸಿಲಿಗೆ ಬಿರುಕು ಬಿಟ್ಟರೆ ಗಾಳಿ ಮೆಲ್ಲನೆ ಸೋರುತ್ತದೆ. ವಾಲ್ವಿನ ಬಾಯಿಗೆ ಉಗುಳು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಅಲ್ಲೇ ಕಳ್ಳ. ಆ ನಳಿಕೆಗೆ ಚಿಲ್ಲರೆ ಕಾಸು ಸಾಕು. ಒಂದು ಗೇಣು ನಳಿಕೆಯನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಮುಳ್ಳೇ ಚುಚ್ಚಿದ್ದಾದರೆ, ಟ್ಯೂಬಿಗೆ ತೇಪೆ ಹಾಕಿದ ಕೂಡಲೇ ಚಕ್ರ ಮುಚ್ಚಬಾರದು. ಟಯರಿನ ಒಳಗೆ ಬಟ್ಟೆ ಹಿಡಿದು ಸುತ್ತಲೂ ಸವರಿ ನೋಡಬೇಕು. ಉಕ್ಕಿನ ತಂತಿ ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಗೆ ಮಾತ್ರ ಸಿಕ್ಕುತ್ತದೆ. ಒಂದೇ ವಾರದಲ್ಲಿ ಮೂರು ಪಂಕ್ಚರು ಎಂದು ಗೋಳಾಡುವ ಸೈಕಲ್ಲಿನ ಟಯರನ್ನು ಬಿಚ್ಚಿದರೆ ಹಲವು ಸಲ ಒಂದೇ ತಂತಿ ಅಲ್ಲೇ ಕುಳಿತು ಮೂರೂ ಸಲ ಚುಚ್ಚಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಹೊರಗಿನಿಂದ ಚುಚ್ಚುವುದೇ ನಿಮ್ಮ ತೊಂದರೆಯಾದರೆ, ಆಗ ಟಯರಿನ ಮಾತು.

ಗಾಳಿ ತುಂಬಿದ ಟಯರು ಬಂದದ್ದು ಯಾಕೆ ಎಂಬುದನ್ನು ಇಲ್ಲಿ ನೆನಪಿಸಬೇಕು. ಅದಕ್ಕೆ ಮೊದಲು ಸೈಕಲ್ಲಿನ ಚಕ್ರಕ್ಕೆ ಗಟ್ಟಿ ರಬ್ಬರಿನ ಬಳೆ ಇತ್ತು; ಅದಕ್ಕೆ ಪಂಕ್ಚರು ಎಂಬುದೇ ಇರಲಿಲ್ಲ. ಬೆಲ್‌ಫಾಸ್ಟಿನಲ್ಲಿ ದನಗಳ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬವನು ತನ್ನ ಮಗನ ಮೂರು ಚಕ್ರದ ಗಾಡಿ ಕಲ್ಲಿನ ಮೇಲೆ ಕುಲುಕದಿರಲೆಂದು ಗಾಳಿಯ ಟಯರು ಮಾಡಿ 1888ರಲ್ಲಿ ಹಕ್ಕುಪತ್ರ ಪಡೆದನು. ಅವನಿಗಿಂತ ನಲುವತ್ತು ವರ್ಷ ಹಿಂದೆಯೇ ಥಾಮ್ಸನ್ ಎಂಬವನು ಇದನ್ನು ಕಂಡುಹಿಡಿದಿದ್ದರೂ ಅದು ನಡೆಯಲಿಲ್ಲ. ಅಂದರೆ ಸುಖವಾದ ಓಟಕ್ಕಾಗಿಯೇ ಗಾಳಿ ಬಂತು, ಗಾಳಿಯ ಬೆನ್ನಿಗೆ ಪಂಕ್ಚರು ಬಂತು. ಪಂಕ್ಚರಿಗೆ ಹೆದರಿ ಆ ಸುಖವನ್ನೇ ಕಳೆದುಕೊಂಡರೆ ನಾವು 1888ಕ್ಕಿಂತ ಹಿಂದಕ್ಕೆ ಹೋದಂತೆ. ಗಾಳಿಯೇ ಬೇಡದ ಗಟ್ಟಿ ಟಯರುಗಳು ಈಗಲೂ ಮಾರಾಟಕ್ಕಿವೆ. ಬಾಯಾರಿನ ಏರಿನಲ್ಲಿ ಅದನ್ನು ತುಳಿದು ನೋಡಿದವರು ಎರಡನೆಯ ಸಲ ಕೊಳ್ಳಲಾರರು. ಮೊಣಕಾಲು, ಸೊಂಟ, ಚಕ್ರದ ಕಡ್ಡಿ ಮೂರೂ ಅದಕ್ಕೆ ತೆರಿಗೆ ಕಟ್ಟುತ್ತವೆ.

ಟಯರು ಭಾರವಾಗಿ ಓಡುವುದು ಹೇಗೆಂದು ನೋಡಿ. ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮುಂದೆ ಹೋದಾಗ ಮತ್ತೆ ಉಬ್ಬುತ್ತದೆ. ಚಪ್ಪಟೆ ಮಾಡಲು ನಾವು ಹಾಕಿದ ಬಲ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಒಂದಿಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ರಬ್ಬರು ದಪ್ಪವಾದಷ್ಟೂ, ಬಿರುಸಾದಷ್ಟೂ ಈ ನಷ್ಟ ಹೆಚ್ಚು. ಒಣ ಮರಳಿನ ಮೇಲೆ ನಡೆಯುವಾಗ ಕಾಲು ಸೋಲುತ್ತದಲ್ಲ, ಆ ರೀತಿ. ನಮ್ಮ ಮರದ ರಬ್ಬರಿಗೆ ಇಲ್ಲಿ ಒಂದು ದೊಡ್ಡ ಗುಣವುಂಟು. ಕಾರ್ಖಾನೆಯಲ್ಲಿ ಮಾಡಿದ ಹೆಚ್ಚಿನ ರಬ್ಬರುಗಳಿಗಿಂತ ಅದು ಚೆನ್ನಾಗಿ ಪುಟಿಯುತ್ತದೆ, ಕಡಿಮೆ ಬಿಸಿಯಾಗುತ್ತದೆ. ಅದಕ್ಕಾಗಿಯೇ ವಿಮಾನದ ಮತ್ತು ಭಾರದ ಲಾರಿಗಳ ಟಯರಿಗೆ ಇಂದಿಗೂ ಅದೇ ಬೇಕು. ಅಗ್ಗದ ಸೈಕಲ್ ಟಯರುಗಳಲ್ಲಿ ಹಳೆಯ ಟಯರನ್ನು ಪುಡಿಮಾಡಿ ಬೇಯಿಸಿದ ರಬ್ಬರನ್ನು ಬೆರೆಸುವುದುಂಟು. ಅದು ದಪ್ಪವಾಗಿ ಕಂಡರೂ ಜೀವವಿಲ್ಲದ ರಬ್ಬರು. ನಾವು ನಸುಕಿನಲ್ಲಿ ಇಳಿಸಿದ ಹಾಲು ಎಷ್ಟು ದೂರ ಹೋಗಿ, ಏನೇನು ಬೆರೆತು, ನಮ್ಮದೇ ಚಕ್ರಕ್ಕೆ ಯಾವ ರೂಪದಲ್ಲಿ ಬರುತ್ತದೆ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಹಾಗಾದರೆ ಮುಳ್ಳನ್ನೂ ತಡೆಯಬೇಕು, ಹಗುರಾಗಿಯೂ ಓಡಬೇಕು. ಇದಕ್ಕೆ ಒಳ್ಳೆಯ ತಯಾರಕರು ಕಂಡುಕೊಂಡ ದಾರಿ ಒಂದೇ: ನಡು ದಪ್ಪ, ಬದಿ ಮೆದು. ಮುಳ್ಳು ಬರುವುದು ನೆಲಕ್ಕೆ ತಾಗುವ ನಡುಭಾಗಕ್ಕೆ. ಅಲ್ಲಿ ರಕ್ಷಣೆಯ ಪದರ ಇರಲಿ. ಬಗ್ಗಿ ಏಳುವುದು ಬದಿ. ಅದು ತೆಳ್ಳಗೆ, ಮೆತ್ತಗೆ ಇರಲಿ.

ಆ ಪದರದಲ್ಲಿ ಎರಡು ಜಾತಿ. ಒಂದು ನೇಯ್ದ ಪಟ್ಟಿ. 1965ರಲ್ಲಿ ಅಮೆರಿಕದ ಡುಪಾಂಟ್ ಕಂಪೆನಿಯಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ದಾರಿಯಿಂದ ಬಂದ ಕೆವ್ಲಾರ್ ಎಂಬ ನೂಲು, ಅಥವಾ ಅಂಥದೇ ಬೇರೆ ನೂಲು. ಗುಂಡು ತಡೆಯುವ ಅಂಗಿಗೆ ಬಳಸುವ ನೂಲು ಇದೇ. ಇದು ತೆಳು, ಹಗುರ. ಗಾಜಿನ ಕೊಯ್ತಕ್ಕೆ ಒಳ್ಳೆಯ ತಡೆ. ಆದರೆ ಸಪೂರ ಮುಳ್ಳು, ತಂತಿಗಳು ನೂಲುಗಳ ನಡುವೆ ನುಸುಳಿ ಹೋಗಬಲ್ಲವು. ಇನ್ನೊಂದು, ಪುಟಿಯುವ ರಬ್ಬರಿನ ದಪ್ಪ ಪದರ. ಮುಳ್ಳು ಚುಚ್ಚುತ್ತದೆ, ಆದರೆ ಅದರ ತುದಿ ಟ್ಯೂಬಿನವರೆಗೆ ತಲಪುವುದಿಲ್ಲ. ಜರ್ಮನಿಯ ಶ್ವಾಲ್ಬೆ ಕಂಪೆನಿಯ ಮ್ಯಾರಥಾನ್ ಪ್ಲಸ್ ಎಂಬ ಟಯರಿನಲ್ಲಿ ಈ ಪದರ 5 ಮಿಲ್ಲಿಮೀಟರು ಇದೆ. ಪಂಕ್ಚರಿಗೆ ಅದು ನಿಜವಾಗಿ ಗಟ್ಟಿ. ಆದರೆ ಒಂದೊಂದು ಟಯರು ಕಿಲೋಗ್ರಾಮಿನ ಹತ್ತಿರ ತೂಗುತ್ತದೆ, ಬೆಲೆ ಸಾವಿರಗಳ ಲೆಕ್ಕದಲ್ಲಿ. ನಮ್ಮಂಥವರು ಅದಕ್ಕೆ ಆಸೆಪಡುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ. ಲುಧಿಯಾನಾದ ರಾಲ್ಸನ್, ಮೆಟ್ರೋ ಮುಂತಾದ ನಮ್ಮ ದೇಶದ ಟಯರುಗಳಲ್ಲಿಯೇ ತಾಳ್ಮೆಯಿಂದ ಆರಿಸಬಹುದು.

ಆರಿಸುವುದು ಹೇಗೆ? ಕೈಯಿಂದ. ಅಂಗಡಿಯಲ್ಲಿ ಟಯರನ್ನು ಹಿಡಿದು ನೆಲಕ್ಕೆ ತಾಗುವ ನಡುಭಾಗವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ, ಅನಂತರ ಬದಿಯನ್ನು ಹಿಸುಕಿ. ಎರಡೂ ಒಂದೇ ದಪ್ಪ, ಒಂದೇ ಬಿರುಸಾಗಿದ್ದರೆ ಅದು ಎಷ್ಟೇ ಗಟ್ಟಿಯೆಂದು ಅಂಗಡಿಯವರು ಹೊಗಳಿದರೂ ಭಾರವಾಗಿ ಓಡುತ್ತದೆ. ನಡು ದಪ್ಪವಾಗಿ, ಬದಿ ಚಪ್ಪಲಿಯ ಪಟ್ಟಿಯಂತೆ ಬಗ್ಗಿದರೆ ಒಳ್ಳೆಯದು. ಮೇಲಿನ ಹೂವು ನೋಡಿ ಮರುಳಾಗಬೇಡಿ. ದೊಡ್ಡ ದೊಡ್ಡ ಗುಬ್ಬಿಗಳಿರುವ ಟಯರು ಡಾಮರಿನ ಮೇಲೆ ಗುಂಯ್‌ಗುಟ್ಟುತ್ತಾ ಶಕ್ತಿ ತಿನ್ನುತ್ತದೆ. ಗುಬ್ಬಿಗಳ ಸಂದಿನಲ್ಲಿ ರಬ್ಬರು ತೆಳು, ಮುಳ್ಳಿಗೆ ಅದೇ ಬಾಗಿಲು. ನಡುವೆ ಹೆಚ್ಚುಕಡಿಮೆ ನುಣುಪಾಗಿ, ಅಂಚಿನಲ್ಲಿ ಸ್ವಲ್ಪ ಗೀರುಗಳಿರುವ ಹೂವು ನಮ್ಮ ಡಾಮರಿಗೂ ಮುರಕಲ್ಲಿಗೂ ಸಾಕು.

ಟ್ಯೂಬಿನೊಳಗೆ ಸುರಿಯುವ ಅಂಟುದ್ರವದ ಬಗ್ಗೆ ಕೇಳುತ್ತಾರೆ. ಸಣ್ಣ ತೂತನ್ನು ಅದು ಮುಚ್ಚುತ್ತದೆ ನಿಜ, ನಮ್ಮ ಸೆಕೆಗೆ ಕೆಲವು ತಿಂಗಳಲ್ಲಿ ಒಣಗುತ್ತದೆ. ಹಳೆಯ ಟಯರನ್ನು ಕತ್ತರಿಸಿ ಟ್ಯೂಬಿಗೂ ಟಯರಿಗೂ ನಡುವೆ ಹಾಕುವ ಪದ್ಧತಿಯೂ ಇದೆ. ಹುಲ್ಲು, ಗೊಬ್ಬರದ ಮೂಟೆ ಹೇರುವ ಸೈಕಲ್ಲಿಗೆ ಅದು ನಡೆದೀತು. ದಿನವೂ ತುಳಿಯುವ ಸೈಕಲ್ಲಿಗೆ ಬೇಡ. ಓಟ ಸತ್ತುಹೋಗುತ್ತದೆ, ಕತ್ತರಿಸಿದ ಅಂಚು ಟ್ಯೂಬನ್ನು ಉಜ್ಜಿ ಉಜ್ಜಿ ತಾನೇ ತೂತು ಮಾಡುತ್ತದೆ.

ಅಳತೆಯಲ್ಲಿ ಮೋಸ ಹೋಗಬಾರದು. ಟಯರಿನ ಬದಿಯಲ್ಲಿ ಇಂಚಿನ ಲೆಕ್ಕದ ಜೊತೆಗೆ ಗೆರೆ ಹಾಕಿದ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಅದು ಕೂರುವ ಸುತ್ತಿನ ಅಡ್ಡಳತೆ, ಎರಡೂ ಮಿಲ್ಲಿಮೀಟರಿನಲ್ಲಿ. ನಮ್ಮ ಹಳೆಯ ದೊಡ್ಡ ಸೈಕಲ್ಲಿನ 28 × 1½ ಎಂಬುದು 40-635. ಹೊಸ ನಮೂನೆಯ ಸೈಕಲ್ಲಿನ 700 × 35 ಎಂಬುದು 37-622. ಅದನ್ನೂ 28 ಇಂಚೆಂದೇ ಕರೆಯುತ್ತಾರೆ, ಆದರೆ ಒಂದು ಇನ್ನೊಂದಕ್ಕೆ ಕೂರದು. ಹಾಗೆಯೇ 26 × 1⅜ ಎಂದರೆ 590, 26 × 1.95 ಎಂದರೆ 559. ಹೆಸರು ಒಂದೇ 26, ನಡುವೆ 31 ಮಿಲ್ಲಿಮೀಟರಿನ ವ್ಯತ್ಯಾಸ. ಹಳೆಯ ಟಯರಿನ ಬದಿಯ ಎರಡನೆಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಮಕ್ಕಳನ್ನು ಕಳಿಸುವುದಾದರೆ ಚೀಟಿ ಕೊಟ್ಟೇ ಕಳಿಸಿ.

ಮೊದಲನೆಯ ಸಂಖ್ಯೆಯಲ್ಲಿ, ಅಂದರೆ ಅಗಲದಲ್ಲಿ, ಸ್ವಲ್ಪ ಸ್ವಾತಂತ್ರ್ಯವಿದೆ. ಚೌಕಟ್ಟಿಗೂ ಮಡ್‌ಗಾರ್ಡಿಗೂ ಬ್ರೇಕಿಗೂ ತಾಗದಷ್ಟರ ಮಟ್ಟಿಗೆ ಅಗಲದ್ದನ್ನೇ ಹಾಕಿ. ಸಪೂರ ಟಯರಿಗೆ ಗಾಳಿ ಬಿಗಿ ಮಾಡಿದರೆ ವೇಗ ಎಂಬ ನಂಬಿಕೆ ನಯವಾದ ಡಾಮರಿಗೆ ಸರಿ. ಮುರಕಲ್ಲಿನ ಮೇಲೆ ಅದು ಪುಟಿದು ಪುಟಿದು ನಮ್ಮ ಮೈಯನ್ನೇ ಅಲುಗಿಸಿ ಬಲ ಕಳೆಯುತ್ತದೆ. ಅಗಲದ ಟಯರು ಕಡಿಮೆ ಗಾಳಿಯಲ್ಲಿಯೂ ರಿಮ್ಮನ್ನು ಕಲ್ಲಿಗೆ ತಾಗಗೊಡುವುದಿಲ್ಲ.

ಗಾಳಿ ಎಷ್ಟು? ಬದಿಯಲ್ಲಿ ಬರೆದಿರುವ ಮಿತಿಯನ್ನು ಮೀರಬಾರದು. 40 ಮಿಲ್ಲಿಮೀಟರಿನ ಟಯರಿಗೆ, ಅರುವತ್ತೈದು ಕಿಲೋ ತೂಕದವರಿಗೆ, ಹಿಂದೆ ಸುಮಾರು 50 ಪೌಂಡು, ಮುಂದೆ 40 ಸಾಕು. ಪಂಪಿನಲ್ಲಿ ಮುಳ್ಳಿನ ಮಾಪಕವಿಲ್ಲದಿದ್ದರೆ ಹೀಗೆ ಮಾಡಿ. ನೀವು ಸೀಟಿನ ಮೇಲೆ ಕೂತುಕೊಳ್ಳಿ, ಮನೆಯವರೊಬ್ಬರು ಹಿಂದಿನ ಚಕ್ರವನ್ನು ನೋಡಲಿ. ರಿಮ್ಮು ನೆಲದ ಕಡೆಗೆ ಒಂದು ಅಕ್ಕಿಕಾಳಿನ ಉದ್ದದಷ್ಟು ಇಳಿಯಬೇಕು. ಒಂದಿಷ್ಟೂ ಇಳಿಯದಿದ್ದರೆ ಗಾಳಿ ಅತಿಯಾಯಿತು, ಎರಡು ಕಾಳಿನಷ್ಟು ಇಳಿದರೆ ಹೊಂಡದಲ್ಲಿ ಹಾವು ಕಚ್ಚೀತು. ಮರದ ರಬ್ಬರಿನ ಟ್ಯೂಬು ಬ್ಯುಟೈಲ್ ಟ್ಯೂಬಿಗಿಂತ ಬೇಗ ಗಾಳಿ ಬಿಡುತ್ತದೆ. ನಮ್ಮದೇ ರಬ್ಬರಿನ ಮೇಲೆ ಈ ದೂರು ಹೇಳಬೇಕಾದದ್ದು ಬೇಸರ, ಆದರೂ ಟ್ಯೂಬು ಮಾತ್ರ ಬ್ಯುಟೈಲಿನದೇ ಕೊಳ್ಳಿ. ಅದಕ್ಕೂ ವಾರಕ್ಕೊಮ್ಮೆ ಪಂಪು ಬೇಕು.

ಎರಡು ಟಯರಿಗೆ ಒಟ್ಟಿಗೆ ಹಣವಿಲ್ಲದಿದ್ದರೆ? ಭಾರ ಹೆಚ್ಚು ಬೀಳುವುದು ಹಿಂದಿನ ಚಕ್ರಕ್ಕೆ; ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸಿದ ಮೊಳೆ ಚುಚ್ಚುವುದೂ ಹಿಂದಿನದಕ್ಕೆ; ಬೇಗ ಸವೆಯುವುದೂ ಅದೇ. ಆದುದರಿಂದ ಎರಡೂ ಟಯರುಗಳು ಇನ್ನೂ ಗಟ್ಟಿಯಿದ್ದು ಮುಳ್ಳಿನದ್ದೇ ಕಾಟವಾದರೆ, ದಪ್ಪ ಪದರದ ಟಯರನ್ನು ಹಿಂದಕ್ಕೆ ಹಾಕಿ, ಮುಂದೆ ಹಗುರಾದದ್ದು ಇರಲಿ. ಆದರೆ ಹಿಂದಿನದು ಪೂರ್ತಿ ಸವೆದು ನೂಲು ಕಾಣುವ ಸ್ಥಿತಿಗೆ ಬಂದು, ಮುಂದಿನದೂ ಹಳತಾಗಿದ್ದರೆ, ಮುಂದಿನದನ್ನು ಹಿಂದಕ್ಕೆ ದಾಟಿಸಿ ಹೊಸದನ್ನು ಮುಂದಕ್ಕೆ ಹಾಕಬೇಕು. ಹಿಂದಿನ ಟಯರು ಒಡೆದರೆ ಸೈಕಲು ನಿಲ್ಲುತ್ತದೆ. ಇಳಿತದಲ್ಲಿ ಮುಂದಿನದು ಒಡೆದರೆ ಸವಾರನೇ ಬೀಳುತ್ತಾನೆ. ಶಾಲೆಗೆ ಹೋಗುವ ಹುಡುಗಿಯ ಸೈಕಲ್ಲಿನಲ್ಲಿ ಮುಂದಿನ ಟಯರನ್ನು ಯಾವ ಕಾರಣಕ್ಕೂ ಸವೆಯಗೊಡಬೇಡಿ. ಅವಳ ಮೈ ಹಗುರ, ಚೀಲ ಹಗುರ. ಅವಳಿಗೆ ದಪ್ಪ ಪದರದ ಭಾರದ ಟಯರು ಬೇಕಿಲ್ಲ, ಮೆದು ಬದಿಯ ಸಾದಾ ಟಯರು ಮತ್ತು ತಪ್ಪದೆ ಗಾಳಿ ಸಾಕು. ಏರಿನಲ್ಲಿ ಸೈಕಲು ಭಾರವಾಗಿ ಅವಳು ಅದನ್ನು ಮನೆಯಲ್ಲೇ ಬಿಟ್ಟು ಬಸ್ಸಿಗೆ ಕಾಯತೊಡಗಿದರೆ ಪಂಕ್ಚರಾಗದ ಟಯರಿನಿಂದ ಯಾರಿಗೆ ಲಾಭ?

ಇನ್ನು ಪಂಪಿನ ವಿಷಯ. ಮಾಪಕವಿರುವ, ನೆಲದ ಮೇಲೆ ನಿಲ್ಲಿಸಿ ಒತ್ತುವ ಪಂಪು ಒಂದು ಮನೆಗೆ ಹೆಚ್ಚಿನ ಖರ್ಚು, ಐದಾರು ಮನೆಗಳು ಸೇರಿದರೆ ಏನೂ ಅಲ್ಲ. ಪ್ರತಿಯೊಂದು ಲೈನುಮನೆಯ ಸಾಲಿಗೆ ಒಂದು ಪಂಪು, ಒಂದು ಡಬ್ಬಿಯಲ್ಲಿ ತೇಪೆ, ಸೊಲ್ಯೂಶನು, ಉಜ್ಜುವ ಕಾಗದ, ಟಯರು ಎಬ್ಬಿಸುವ ಎರಡು ಸೌಟು, ವಾಲ್ವಿನ ನಳಿಕೆ, ತಂತಿ ಕೀಳುವ ಚಿಮುಟ ಇರಲಿ. ಸಾಲಿನ ಮೊದಲನೆಯ ಮನೆಯ ಜಗಲಿಯಲ್ಲಿ ಇಡಿ. ನಸುಕಿನಲ್ಲಿ ಹೊರಡುವವರಿಗೆ ಬಾಗಿಲು ತಟ್ಟದೆ ಸಿಗಬೇಕು. ನಾನು ಒಂದು ಪಂಪನ್ನೂ ಕೆಲವು ತೂತಾದ ಟ್ಯೂಬುಗಳನ್ನೂ ಇವತ್ತು ತಂದಿದ್ದೇನೆ. ಚಹಾ ಕುಡಿದಾದ ಮೇಲೆ ಹೊರಗೆ ಮಾವಿನ ಮರದ ಅಡಿಗೆ ಬನ್ನಿ, ಯಾವ ತೂತು ಯಾರದ್ದೆಂದು ನೀವೇ ಓದಿ ಹೇಳಿ. ನಿಮ್ಮ ಸೈಕಲ್ಲುಗಳನ್ನೂ ಅಲ್ಲಿಗೇ ತನ್ನಿ, ಅಕ್ಕಿಕಾಳಿನ ಲೆಕ್ಕ ನೋಡೋಣ.